ಕಂಬಳಿಯ ಮೇಲೆ ಜಾಗ

"ಹಸಿವಾಗೈತಿ, ಲಗೂ ಬಾ." ದೇವಿಕಾ ಟೆಸ್ಟಿಂಗ್‌ಗೆಂದು ಬರೆದ ಈ ಸಾಲು ಸೀರೆಯ ಗಿರಾಕಿಗಳಿಗೆಲ್ಲ ಹೋಗಿಬಿಟ್ಟಿತ್ತು! ನಾರಾಯಣಪೇಟೆಯಲ್ಲಿ ಸೀರೆ ಮಾರುವ ಆ ಹೊಸ ಆ್ಯಪ್ ಕಂಪನಿಯ ಫೋನುಗಳು ಒಂದೇ ಸಮ ಬಡಿದುಕೊಳ್ಳತೊಡಗಿದವು. ಗದ್ವಾಲದ ಅಜ್ಜಿಯೊಬ್ಬಳಂತೂ, "ರೊಟ್ಟಿ ಮಾಡೀನಿ, ಬಾರವ್ವಾ" ಎಂದಳು.

ದೇವಿಕಾ ಹೋದ ವಾರವಷ್ಟೇ ಕೆಲಸಕ್ಕೆ ಸೇರಿದ್ದಳು. ಹಿಂದಿನ ಕಂಪನಿಯಲ್ಲಾಗಿದ್ದರೆ ಎಲ್ಲರೆದುರು ಮಾನ ಹರಾಜಾಗುತ್ತಿತ್ತು. ಆದರೂ ಎದ್ದು ನಿಂತು, "ನಾನೇ ಕಳಿಸಿದ್ದುರಿ" ಎಂದಳು.

ಕಂಪನಿ ಕಟ್ಟಿದ ಮೈಲಾರಲಿಂಗ ಗೂಟದಲ್ಲಿದ್ದ ಕರಿ ಕಂಬಳಿ ತೆಗೆದು ನೆಲಕ್ಕೆ ಹಾಸಿದ. "ಇದರ ಮ್ಯಾಲೆ ಕೂಡ್ರಿ. ನಮ್ಮ ಕುರಿಹಟ್ಟಿಯೊಳಗ ಕುರಿ ಕಳಕೊಂಡಾಂವ ತಾನಾಗಿ ಹೇಳಿದ್ರ ಕಂಬಳಿ ಮ್ಯಾಲೆ ಕುಂದ್ರಿಸಿ ಮೊದಲ ಚಹಾ ಅಂವಗ ಕೊಡ್ತಾರ. ಅಂಜಿ ಮುಚ್ಚಿಟ್ರ ಸುದ್ದಿ ತೋಳಕ್ಕ ಮೊದಲು ಮುಟ್ಟತೈತಿ ನೋಡ್ರಿ."

ದೇವಿಕಾ ಅಂಚಿನಲ್ಲಿ ಮುದುಡಿ ಕೂತಳು. ಚಹಾ ಕೈಗೆ ಬಂದರೂ ತಲೆ ಎತ್ತಲಾಗಲಿಲ್ಲ. ಉಳಿದವರೆಲ್ಲ ನಿಂತಿದ್ದರು, ಕೂತವಳು ಅವಳೊಬ್ಬಳೇ. ಅಷ್ಟರಲ್ಲಿ ಮೈಲಾರಲಿಂಗ ಚಪ್ಪಲಿ ಬಿಟ್ಟ. "ಸ್ವಲ್ಪ ಸರೀರಿ. ಆ ಸಾಲು ಓದದೇ ಕಳಿಸಾಕ ಒಪ್ಪಿಗಿ ಕೊಟ್ಟಾಂವ ನಾನು."

ಮೂಲೆಯ ಕಂಪ್ಯೂಟರಿನ ಹಿಂದೆ ನಿಂತಿದ್ದ ಸಹೋದ್ಯೋಗಿ ಬೀರಯ್ಯ ಕೆಮ್ಮಿದ. "ಅಣ್ಣಾ, ಟೆಸ್ಟಿಂಗ್‌ನ್ಯಾಗ ಗಿರಾಕಿಗಳ ಖರೇ ನಂಬರ್ ಹಾಕಿದಾಂವ ನಾನು."

ದೇವಿಕಾಳಿಗೆ ನಗು ತಡೆಯಲಾಗಲಿಲ್ಲ. ಚಹಾದ ಕಪ್ಪು ಹಿಡಿದುಕೊಂಡೇ ಸರಿದು, ಪಕ್ಕದಲ್ಲಿ ಕಂಬಳಿಯನ್ನು ಅಂಗೈಯಿಂದ ತಟ್ಟಿದಳು. "ಬರ್ರೀ ಬೀರಯ್ಯಣ್ಣ, ಇನ್ನೂ ಜಾಗ ಐತಿ!"