ಶೋಕೇಸಿನ ಹವಳ

ಮುಹ್ಸಿನಾ ಕತ್ತಿಯ ಹಿಂಬದಿಯಿಂದ ಹೊಡೆದ ರಭಸಕ್ಕೆ ಶೋಕೇಸಿನ ಗಾಜು ಒಡೆದು ಅವಳ ಮೊಣಕೈಯನ್ನು ಸೀಳಿತು. ರಕ್ತ ಸುರಿಯುವ ಕೈಯಲ್ಲೇ ಅವಳು ಹವಳದ ಕೊಂಬೆಯನ್ನು ಹೊರಗೆಳೆದಳು.

“ಮರ್ಲಾ ಅತ್ತಿಗೆ ನಿಮಗೆ, ಹುಚ್ಚಾ?” ಮೈದುನ ಜಾಸಿರ್ ಅವಳ ರಟ್ಟೆ ತಿರುಚಿದ. “ನಿಮ್ಮ ಲಕ್ಷದ್ವೀಪಕ್ಕೆ ಟೂರ್ ಹೋದವ ನಾನು ನಿಮಗೇ ಅಂತ ಮುರಿದು ತಂದದ್ದು. ಸಮುದ್ರದಲ್ಲಿ ಬೇಕಾದಷ್ಟು ಉಂಟು!”

“ಟೂರಿಗೆ ಬಂದವರೆಲ್ಲ ಹಾಗೇ ಹೇಳುದು. ಅಲೆ ತಡೆಯುವ ನಮ್ಮ ಗೋಡೆ ಇದು, ಜಾಸಿರ್. ಉಪ್ಪಿನಂಗಡಿಯ ಈ ಮನೆಗೆ ನೆರೆ ನುಗ್ಗಿದಾಗ ನೀವೆಲ್ಲ ಗುಡ್ಡೆ ಹತ್ತಿದ್ದಲ್ವಾ? ನನ್ನನ್ನು ಹೆತ್ತ ಉಮ್ಮ ಆ ದ್ವೀಪದಲ್ಲಿ ಎಲ್ಲಿಗೆ ಹತ್ತುದು? ಅಲ್ಲಿ ಗುಡ್ಡೆಯೇ ಇಲ್ಲ.”

ಅಂದು ಮೊಮ್ಮಗುವನ್ನು ಹೆಗಲ ಮೇಲೆ ಹೊತ್ತು ಗುಡ್ಡೆ ಹತ್ತಿದ್ದ ಅತ್ತೆ ಕದೀಜಮ್ಮ ಸೊಸೆಗೆ ಹೊಡೆಯಲು ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ಮರುಕ್ಷಣ ಅದು ಮಗನ ಕೆನ್ನೆಗೆ ಬಿತ್ತು.