ಬಾವಿಗೆ ಇಳಿದವಳು

ಹುಡುಗಿ ಹಗ್ಗ ಹಿಡಿದು ಬಾವಿಗೆ ಇಳಿದೇಬಿಟ್ಟಳು. ಪ್ಯಾಂಟು ತೊಟ್ಟ ನಾಲ್ವರು ಗಂಡುಹುಡುಗರು ಕಟ್ಟೆಯ ಮೇಲೆ ಹಗ್ಗ ಬಿಗಿಹಿಡಿದು ನಿಂತಿದ್ದರು.

ಪಂಚಾಯ್ತಿ ಚೇರ್ಮನ್ ಮೂಡಲಗಿರಿಯಪ್ಪ ಎಲೆಯಡಿಕೆ ಉಗಿದು ನಕ್ಕ. "ಗಂಡುಮಕ್ಳು ಕಟ್ಟೆ ಮ್ಯಾಲೆ, ಹೆಣ್ಣು ನೀರಾಗೆ. ಇದೇನ್ರಯ್ಯ ನಿಮ್ ಇಂಜಿನೀರು ವಿದ್ಯೆ?"

ಕೆಳಗಿನಿಂದ ಅವಳ ದನಿ ಬಂತು: "ನೀರು ಮೂರು ಅಡಿ. ಬರೆದುಕೊಳ್ಳಿ."

ಅದು ೧೯೮೧ರ ಮಳೆಗಾಲದ ಆರಂಭ. ಬೆಂಗಳೂರಿನ ಒಂದು ಇಂಜಿನಿಯರಿಂಗ್ ಕಾಲೇಜಿನ ಐವರು ತಮ್ಮ ಮೇಷ್ಟರ ಜೊತೆ ಚನ್ನರಾಯನದುರ್ಗದ ಆಚೆಗಿನ ಆ ಊರಿಗೆ ಬಂದಿದ್ದರು. ಒಂದು ತಿಂಗಳು ಊರಲ್ಲೇ ಇದ್ದು, ಜನರಿಗೆ ಏನು ಬೇಕೆಂದು ಅವರನ್ನೇ ಕೇಳಿ, ಹಳೇ ಬಾವಿಗೆ ಹೊಸ ನಕ್ಷೆ ಮಾಡಿ ದುರಸ್ತಿ ಮಾಡಿಕೊಡಬೇಕು. ಪರೀಕ್ಷೆಯಲ್ಲಿ ಅದಕ್ಕೂ ಅಂಕ ಉಂಟು. ರಾಗಿ ಪೈರಿಗೂ ಹುಲ್ಲಿಗೂ ವ್ಯತ್ಯಾಸ ಕಾಣದ ಈ ಮಂಗಗಳು ಊರನ್ನು ಉದ್ಧಾರ ಮಾಡುತ್ತವಂತೆ ಎಂದು ಮೂಡಲಗಿರಿಯಪ್ಪ ಸಿಕ್ಕವರ ಹತ್ತಿರವೆಲ್ಲ ಆಡಿಕೊಂಡಿದ್ದ.

ಆದರೆ ಬಾವಿಗೆ ಇಳಿದ ಆ ಹುಡುಗಿ, ಗಂಗರತ್ನಳ ವಿಷಯ ಬೇರೆ. ಇಂಗ್ಲಿಷನ್ನು ನೀರು ಕುಡಿದಷ್ಟು ಸಲೀಸಾಗಿ ಮಾತಾಡುತ್ತಿದ್ದಳು. ಅವನ ಹೆಂಡತಿ ಗೌರಕ್ಕನ ಅಡುಗೆಮನೆಯಲ್ಲಿ ಕೂತು ಮುದ್ದೆಯನ್ನೂ ಅಷ್ಟೇ ಸಲೀಸಾಗಿ ನುಂಗುತ್ತಿದ್ದಳು. ಅವರೆಲ್ಲ ಬಂದಿಳಿದ ದಿನವೇ ಚೇರ್ಮನ್ನು ಮೇಷ್ಟರನ್ನು ಪಕ್ಕಕ್ಕೆ ಕರೆದಿದ್ದ.

"ಇವ್ರೆಲ್ಲಾ ಎಂಥಾ ಮನೆಯವ್ರು ಸಾ? ನಮ್ಮನೇಲಿ ಉಣ್ಣೋರು, ಅದುಕ್ಕೆ ಕೇಳ್ದೆ."

"ಎಲ್ಲಾ ಒಳ್ಳೇ ಮನೆಯವರೇ," ಅಂದಿದ್ದರು ಮೇಷ್ಟರು. ಮೂಡಲಗಿರಿಯಪ್ಪನಿಗೆ ಅಷ್ಟು ಸಾಕಾಯಿತು.

ಅವನ ತಾತ್ಸಾರದ ದೊಡ್ಡ ಪಾಲು ಕೆಳಗೇರಿಗೆ ಮೀಸಲು. ಅಲ್ಲಿನ ಹೆಂಗಸರು ಬೆಳಗಾಗುತ್ತಲೇ ಬಂದು, ಬಾವಿಯಿಂದ ಹತ್ತು ಮಾರು ದೂರದಲ್ಲಿ ಕೊಡ ಇಟ್ಟು ನಿಲ್ಲುತ್ತಿದ್ದರು. ಮೇಲ್ಗೇರಿಯವರಿಗೆ ಮನಸ್ಸು ಬಂದರೆ ಸೇದಿ ಹೊಯ್ಯುತ್ತಿದ್ದರು. ಮನಸ್ಸು ಬರದ ದಿನ ಬಿಸಿಲು ನೆತ್ತಿಗೇರಿದರೂ ಕೊಡ ಖಾಲಿ. ತಾಲ್ಲೂಕು ಕಚೇರಿಯವರು ವಿಚಾರಿಸಿದರೆ "ನಮ್ಮೂರಾಗೆ ಅಂಥಾದ್ದೇನೂ ಇಲ್ಲ ಸ್ವಾಮಿ" ಎಂದು ಕಾಗದಕ್ಕೆ ರುಜು ಹಾಕಿ, ಎಳನೀರು ಕುಡಿಸಿ ಕಳಿಸುತ್ತಿದ್ದ.

ಎರಡನೇ ದಿನ ಊರ ಸಭೆ ಸೇರಿತು. ಗಂಗರತ್ನ ನಕ್ಷೆ ಹರಡಿದಳು. ಕಟ್ಟೆಯ ನಾಲ್ಕು ಕಡೆ ನಾಲ್ಕು ರಾಟೆ.

"ಮೂರು ಸಾಕು ಬುಡವ್ವ."

"ನಾಲ್ಕನೇದು ಕೆಳಗೇರಿಯವರಿಗೆ ಚೇರ್ಮನ್ರೇ. ಅವರೂ ಕೇಳಿದ್ದಾರೆ."

ಮೂಡಲಗಿರಿಯಪ್ಪ ಎಳೇ ಮಗುವಿಗೆ ಬುದ್ಧಿ ಹೇಳುವವನಂತೆ ಹೇಳಿದ: "ನೀನು ಪಟ್ಟಣದೋಳು, ನಿಂಗೆ ತಿಳಿಯಾಕಿಲ್ಲ. ಆ ಜನ ಈ ಬಾವಿ ಮುಟ್ಟಿದ್ರೆ ಊರಿಗೇ ಕೇಡು ಕಣಮ್ಮ. ನೀರು ಬತ್ತೋಯ್ತದೆ. ದನ ಸಾಯ್ತವೆ. ಮಕ್ಳಿಗೆ ವಾಂತಿಭೇದಿ."

"ಎಷ್ಟು ದಿನಕ್ಕೆ?"

"ಎಂಟು ದಿನ ಸಾಕು."

"ಏನೂ ಆಗದೇ ಹೋದರೆ?"

"ಆಗ್ದಿದ್ರೆ ನಾನೇ ನಿಂತು ನಾಲ್ಕನೇ ರಾಟೆ ಹಾಕುಸ್ತೀನಿ!" ಅವನು ತೊಡೆ ತಟ್ಟಿ ನಕ್ಕ. ಸಭೆಯೂ ನಕ್ಕಿತು.

ಅವಳು ನಗಲಿಲ್ಲ. ಒಂದಕ್ಷರ ಬಿಡದೆ ಬರೆದುಕೊಂಡು ಪುಸ್ತಕ ಮುಂದಿಟ್ಟಳು. "ಇಲ್ಲೊಂದು ರುಜು ಹಾಕಿ. ಊರವರು ಹೇಳಿದ್ದಕ್ಕೆಲ್ಲ ದಾಖಲೆ ಇರಬೇಕಂತೆ."

ರುಜು ಹಾಕುವುದರಲ್ಲಿ ಅವನದು ಪಳಗಿದ ಕೈ.

ಆಮೇಲೆ ದಿನವೂ ಅವಳೇ ಬಾವಿಗೆ ಇಳಿದಳು. ಹುಡುಗರು ತಾವು ಇಳಿಯುತ್ತೇವೆಂದರೂ ಬಿಡಲಿಲ್ಲ. ಸೊಂಟದವರೆಗೆ ನೀರಲ್ಲಿ ನಿಂತು ಹೂಳು ತುಂಬಿ ಮೇಲೆ ಕಳಿಸಿದಳು. ಬಿರುಕಿಗೆ ಸಿಮೆಂಟು ಮೆತ್ತಿದಳು. ಬಾಯಾರಿದರೆ ಅಲ್ಲೇ ಬೊಗಸೆಯಲ್ಲಿ ಕುಡಿದಳು. ಮೇಲ್ಗೇರಿಯ ಹೆಂಗಸರು ಅವಳ ಕಾಲಿಗೆ ಅರಿಸಿನ ಹಚ್ಚುವುದೊಂದು ಬಾಕಿ. ಮೂರು ರಾಟೆ ನಿಂತವು. ನಾಲ್ಕನೆಯದಕ್ಕೆ ಗುಣಿ ತೋಡಿ ಹಾಗೇ ಬಿಟ್ಟಿದ್ದರು.

ಮೇಲೆ ಬಂದಮೇಲೆ ತಾನೇ ಸೇದಿ ಕೆಳಗೇರಿಯವರ ಕೊಡಗಳಿಗೆ ಹೊಯ್ಯುತ್ತಿದ್ದಳು. ಹೊಯ್ಯುವುದಕ್ಕೆ ಚೇರ್ಮನ್ನನ ತಕರಾರಿರಲಿಲ್ಲ. ಸಾಲಿನ ಕೊನೆಗೆ ನಿಲ್ಲುತ್ತಿದ್ದ ಓಬಕ್ಕನೆಂಬ ಮುದುಕಿ ಮಾತ್ರ ಅವಳ ಮುಖ ನೋಡದೆ, ಕೊಡ ತುಂಬುವವರೆಗೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

"ನೋಡು, ಒಂದು ಕೊಡ ನೀರಿಗೆ ಹೆಂಗೆ ಅಳ್ತದೆ," ಎಂದು ಮೂಡಲಗಿರಿಯಪ್ಪ ಹೆಂಡತಿಗೆ ತೋರಿಸಿದ. "ನಾಯಿಗೆ ಅನ್ನ ಹಾಕಿದ್ರೂ ಇಂಗೇ."

ತಿಂಗಳು ತುಂಬಿತು. ಹೊರಡುವ ಮುಂಚೆ ಮತ್ತೆ ಸಭೆ. ಗಂಗರತ್ನ ದಾಖಲೆ ಓದಿದಳು. "ಬಾವಿಗೆ ಇಳಿಯಲು ಶುರುಮಾಡಿ ಇವತ್ತಿಗೆ ಮೂವತ್ತು ದಿನ. ನೀರು ಮೂರು ಅಡಿಯಿಂದ ಆರಕ್ಕೆ ಏರಿದೆ. ಸತ್ತ ದನ ಒಂದೂ ಇಲ್ಲ. ಎರಡು ಹಸು ಕರು ಹಾಕಿವೆ, ಅದರಲ್ಲಿ ಒಂದು ಚೇರ್ಮನ್ನರದು. ವಾಂತಿಭೇದಿ ಯಾವ ಮನೆಯಲ್ಲೂ ಇಲ್ಲ. ಇಷ್ಟಕ್ಕೂ ಸಭೆ ಸಾಕ್ಷಿ ಅಲ್ಲವೇ?"

"ಔದೌದು," ಎಂದಿತು ಸಭೆ.

ಮೂಡಲಗಿರಿಯಪ್ಪ ಮೀಸೆ ತೀಡಿದ. "ಮಡಿ ಕಾಪಾಡ್ಕಂಡು ಬಂದಿದ್ದಕ್ಕೆ ಕಣ್ರಯ್ಯ ಇದು. ಕೆಳಗೇರಿಯ ಒಂದು ಬೆರಳು ಈ ನೀರಿಗೆ ಸೋಕುಸ್ಲಿಲ್ಲ ನಾನು." ಮತ್ತೆ ಹುಡುಗಿಯ ಕಡೆ ತಿರುಗಿದ. ಅವನ ದನಿಗೆ ಬೆಲ್ಲ ಬಂತು. ಮಧುಗಿರಿ ಕೋರ್ಟಿನಲ್ಲಿ ಗುಮಾಸ್ತನಾಗಿದ್ದ ಮಗನಿಗೆ ಅವನು ಎರಡು ವರ್ಷದಿಂದ ಹೆಣ್ಣು ಹುಡುಕುತ್ತಿದ್ದ. ಕುಲಗೋತ್ರ ಕೇಳಬೇಕಾದ ರೀತಿಯಲ್ಲೇ ಕೇಳಿದ.

"ನಿಮ್ಮಪ್ಪನ ಊರು ಯಾವುದವ್ವ?"

"ಪಾವಗಡದ ಕಡೆ. ಅಲ್ಲೇ ಸ್ಕೂಲ್ ಮೇಷ್ಟರು."

"ಭೇಷ್! ಒಂದ್ ಕಿತ ನಾನೂ ಗೌರಕ್ಕನೂ ಬಂದು ಮಾತಾಡ್ಕಂಡು ಬತ್ತೀವಿ. ತಾಯಿ ಕಡೆಯೋರು ಎಲ್ಲಿಯೋರು?"

ಗಂಗರತ್ನ ಪುಸ್ತಕವನ್ನು ಅವನ ರುಜು ಇದ್ದ ಪುಟಕ್ಕೆ ತೆರೆದು, ಸಭೆಯ ನಡುವೆ ಇಟ್ಟಳು.

"ಅದಕ್ಕೆ ನೀವು ಅಷ್ಟು ದೂರ ಬರೋದು ಬೇಡ ಚೇರ್ಮನ್ರೇ. ನಮ್ಮಮ್ಮ ಈ ಊರಿನೋಳೇ, ಕೆಳಗೇರಿ ಓಬಕ್ಕನ ಮಗಳು."