ಟ್ಯಾಂಕಿಗೆ ಎರೆದ ಹಾಲು

ಕಡಲಿನ ಹವಳವೆಲ್ಲ ಸತ್ತ ಮೇಲೆ ಗಂಗೊಳ್ಳಿಯಲ್ಲಿ ಇದೇ ಕಾನೂನು: ಮನೆಯ ಟ್ಯಾಂಕಿನಲ್ಲಿ ನೂರು ದಿನ ಹವಳ ಬದುಕಿಸಿ ತೋರಿಸಿದವನಿಗೆ ಮಾತ್ರ ದೋಣಿ ಇಳಿಸಲು ಪರವಾನಗಿ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಪಂಪು, ನೀಲಿ ಲೈಟು, ಉಪ್ಪು ಅಳೆಯುವ ಮೀಟರು ಎಲ್ಲವನ್ನೂ ಬೈದುಕೊಂಡೇ ಕಲಿತೆ. ಗೋಡೆಯ ಮೇಲೆ ದಿನದ ಲೆಕ್ಕ ಬರೆಯುತ್ತಿದ್ದೆ. ಇವತ್ತು ತೊಂಬತ್ತೆಂಟು.

ಬೆಳಿಗ್ಗೆ ಎದ್ದು ನೋಡಿದರೆ ಟ್ಯಾಂಕಿನ ನೀರು ಬೆಳ್ಳಗಾಗಿತ್ತು. ಮೇಲೆ ಎರಡು ಸೇವಂತಿಗೆ ತೇಲುತ್ತಿದ್ದವು.

"ಅಮ್ಮಾ, ಇದಕ್ಕೆ ಎಂತ ಹಾಕಿದ್ದು?"

"ಹಾಲ್. ಇವತ್ತ್ ನೂಲು ಹುಣ್ಣಿಮೆ, ಕಡಲಿಗೆ ಹಾಲ್ ಎರೆವ ದಿನ ಅಲ್ದಾ? ಕಡಲ್ ಬದಿಗೆ ಬೇಲಿ ಹಾಕಿದ್ರ್. ಈಗ ನಮ್ಮ್ ಕಡಲ್ ಇದೇ ಅಲ್ದಾ ಮಗಾ?"

"ಎಷ್ಟ್ ಹಾಕಿದ್ದು?"

"ಒಂದ್ ಲೀಟರ್. ಕಮ್ಮಿ ಆಯ್ತಾ?"

ಬಕೆಟ್ಟನ್ನು ಗೋಡೆಗೆ ಒದ್ದೆ. ಮತ್ತೆ ಅದನ್ನೇ ಎತ್ತಿಕೊಂಡು ಉಪ್ಪುನೀರು ಕಲಸಿ ಮೂರು ಸಲ ನೀರು ಬದಲಿಸಿದೆ. ಮಧ್ಯಾಹ್ನದ ಹೊತ್ತಿಗೆ ಹವಳ ಲೋಳೆಯಾಗಿ ಕಳಚಿ ಬಿತ್ತು.

"ಕಡಲು ಸತ್ತದ್ದೇ ನಿಮ್ಮಂಥವರಿಂದ!" ಎಂದು ಕಿರುಚಿದೆ.

ಅಮ್ಮ ಸೇವಂತಿಗೆಯನ್ನು ಸೆರಗಿನಲ್ಲಿ ಒರೆಸಿದಳು. "ಅಜ್ಜನ ಕಾಲ್ದಲ್ಲೂ ಹಾಲ್ ಹಾಕ್ತಿದ್ರ್ ಮಗಾ. ಕಡಲ್ ಸತ್ತದ್ ಹಾಲಿಂದ ಅಲ್ಲ."

ಗೋಡೆಯ ತೊಂಬತ್ತೆಂಟನ್ನು ಅಂಗೈಯಿಂದ ಉಜ್ಜಿ ಅಳಿಸಿ, ಒಂದು ಎಂದು ಬರೆದೆ.